ಸೀಟಿನ ಮೇಲೆ ಯಾರಿದ್ದಾರೆ

ಮತ್ತೆ ಕೀ ತಿರುಗಿಸಿದ. ಈ ಸಲವೂ ಏನೂ ಆಗಲಿಲ್ಲ.

ಏನೂ ಅಂದರೆ ಏನೂ ಇಲ್ಲ. ಕೆಮ್ಮಿ, ಮುಲುಗಿ, ಆಮೇಲೆ ಸುಮ್ಮನಾಗುವ ಎಂಜಿನ್ನಾದರೆ ಅದರ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದು. ಇದು ಕೆಮ್ಮುವಷ್ಟು ದಾಕ್ಷಿಣ್ಯವನ್ನೂ ತೋರಿಸಲಿಲ್ಲ. ಕೀ ತಿರುಗಿದ ಸಣ್ಣ ಸದ್ದು, ಅದರಾಚೆ ಮೌನ. ದಾರಿಯಲ್ಲಿ ಪರಿಚಯದವರನ್ನು ಮಾತಾಡಿಸಿದಾಗ ಅವರು ತನ್ನ ಬೆನ್ನ ಹಿಂದಿರುವ ಯಾರನ್ನೋ ನೋಡಿ ನಕ್ಕು ಮುಂದೆ ಹೋದ ಹಾಗೆ.

ಹುಲ್ಲು ಕೊಯ್ಯುವ ಗಾಡಿ ಅದು. ಮೇಲೆ ಕೂತು ಸ್ಟೇರಿಂಗ್ ಹಿಡಿದು ಓಡಿಸುವಂಥದ್ದು. ಹೊಟ್ಟೆಯ ಕೆಳಗೆ ಬ್ಲೇಡು. ಮಾವ ಕೊಂಡದ್ದು, ಮಾವ ಓಡಿಸಿದ್ದು. ಬೇರೆಯವರು ಅದನ್ನು ಮುಟ್ಟಿದ್ದು ಒಂದೇ ಸಲ. ಮಾವ ಅದರ ಮೇಲಿಂದ ಬಿದ್ದ ದಿನ, ಶೆಡ್ಡಿಗೆ ತಳ್ಳಿ ತರುವಾಗ.

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಕಾಣಿಸಿಕೊಂಡಳು. ಹಲ್ಲಲ್ಲಿ ಹೇರ್‌ಪಿನ್ ಕಚ್ಚಿಕೊಂಡು ಕೂದಲು ಕಟ್ಟುತ್ತಿದ್ದಳು.

"ಇನ್ನೂ ಆಗ್ಲಿಲ್ವಾ?"

"ಆಗುತ್ತೆ."

"ಬೆಳಗ್ಗೆಯಿಂದ ಆಗುತ್ತೆ ಅಂತಾನೇ ಇದೀರಿ."

"ಬ್ಯಾಟರಿ ಇರ್ಬೇಕು."

"ಆಗ್ಲೇ ಪೆಟ್ರೋಲ್ ಇರ್ಬೇಕು ಅಂದ್ರಿ."

ಅವಳು ಪಿನ್ನು ತೆಗೆದು ಕೂದಲಿಗೆ ಸಿಕ್ಕಿಸಿದಳು. ಆಸ್ಪತ್ರೆಗೆ ಹೊರಟಿದ್ದಳು, ಮಾವನನ್ನು ಇವತ್ತು ಮನೆಗೆ ಕಳಿಸುತ್ತಿದ್ದರು.

"ಅಪ್ಪ ಗೇಟೊಳಗೆ ಬರ್ತಿದ್ದ ಹಾಗೆ ನೋಡೋದು ಹುಲ್ಲನ್ನೇ ರೀ. ಅದು ಹೀಗೇ ಇದ್ರೆ ಅಣ್ಣನ್ನ ಬಂದಿರು ಅಂತಾರೆ. ಅವನೂ ಅದಕ್ಕೇ ಕಾಯ್ತಾ ಇದಾನೆ, ಮನೆ ನೋಡ್ಕೊಳ್ಳೋಕೆ ಒಬ್ಬ ಗಂಡಸು ಬೇಡ್ವಾ ಅಂತ ನಿನ್ನೆ ಫೋನಲ್ಲಿ ಎರಡು ಸಲ ಅಂದ. ಅವನು ಸಂಸಾರ ಸಮೇತ ಬಂದು ಕೂತ್ರೆ ಆಮೇಲೆ ನೀವು ಎಲ್ಲಿಗೆ ಹೋಗ್ತೀರೋ ನಂಗೊತ್ತಿಲ್ಲ."

"ಮಾವಂಗೆ ಮಾತೇ ಬರ್ತಿಲ್ಲ ಅಂದ್ಯಲ್ಲ."

"ಮಾತು ಯಾಕೆ ಬೇಕು. ಒಂದು ಸಲ ಕೈ ಆಡಿಸಿದ್ರೆ ಮುಗೀತು."

ನಿಜ. ಲಕ್ವ ಹೊಡೆದು ಬಲಗಡೆ ಸತ್ತುಹೋದ ಮೇಲೆ ಮಾವನ ಬೇಕು ಬೇಡಗಳೆಲ್ಲ ಎಡಗೈಗೆ ಬಂದಿದ್ದವು. ಮೇಲೆತ್ತಿ ತನ್ನ ಕಡೆ ಬಾಗಿಸಿದರೆ ಬೇಕು, ಹೊರಗೆ ಒಗೆದರೆ ಬೇಡ. ಅದಕ್ಕೆ ಮುಂಚೆಯೂ ಅವರು ಹೆಚ್ಚು ಮಾತು ಖರ್ಚು ಮಾಡಿದವರಲ್ಲ.

ಅವಳನ್ನು ಹತ್ತಿಸಿಕೊಂಡ ಬಾಡಿಗೆ ಕಾರು ಗೇಟು ದಾಟಿತು. ಅವಳು 'ನೀವು' ಅನ್ನುವ ಬದಲು 'ನಾವು' ಅನ್ನಬಹುದಿತ್ತು ಎಂದು ಅವನಿಗೆ ಅನ್ನಿಸಿದ್ದು ಆಮೇಲೆ.

*

ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದವನು. ಓದುವವರಿಲ್ಲವೆಂದು ಕಾಲೇಜು ಆ ವಿಷಯವನ್ನೇ ಮುಚ್ಚಿತು. ಕೆಲವು ತಿಂಗಳ ಮಟ್ಟಿಗೆ ಎಂದು ಹೆಂಡತಿಯ ತವರಿಗೆ ಬಂದರು. ಆ ಕೆಲವು ತಿಂಗಳು ಎಷ್ಟಾಯಿತೆಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳದೆ ಇರುವುದರಲ್ಲಿ ಅವರೆಲ್ಲ ಪಳಗಿದ್ದರು.

ತರ್ಕ ಗೊತ್ತಿದ್ದವನಿಗೆ ಗಾಡಿಯೊಂದು ಏನು ಮಹಾ. ಒಂದೊಂದೇ ಕಾರಣ ತೆಗೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದೇ ಕಾರಣ.

ಟ್ಯಾಂಕಿನ ಹಳೆಯ ಪೆಟ್ರೋಲು ಚೆಲ್ಲಿ ಹೊಸದು ಹಾಕಿದ್ದ. ಬ್ಯಾಟರಿಯ ತುದಿಗಳಲ್ಲಿ ಹಸಿರು ಬೂಷ್ಟು ಕಟ್ಟಿತ್ತು. ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದ. ದೀಪದ ಸ್ವಿಚ್ ಒತ್ತಿದರೆ ಮುಂದಿನ ಎರಡೂ ದೀಪ ಹಗಲಲ್ಲೇ ಕಣ್ಣು ಬಿಟ್ಟವು. ಅಂದರೆ ಬ್ಯಾಟರಿಯ ತಪ್ಪಲ್ಲ. ಬ್ಲೇಡಿನ ಲಿವರ್ ಮೇಲಿದೆ. ಗೇರು ನ್ಯೂಟ್ರಲ್‌ನಲ್ಲಿದೆ. ಎಡಗಾಲಿನ ಪೆಡಲನ್ನು ಪೂರಾ ಒತ್ತಿದ್ದಾನೆ. ಅದೊಂದೇ ಪೆಡಲು ಈ ಗಾಡಿಗೆ, ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ತನ್ನಷ್ಟಕ್ಕೆ ನಡೆಯುತ್ತದೆ. ಕೀ ತಿರುಗಿಸಿದ.

ಮೌನ.

ರಿಪೇರಿ ಅಂಗಡಿಗೆ ಫೋನು ಮಾಡಿದ. ಆ ಕಡೆಯವನು ಏನನ್ನೋ ಅಗಿಯುತ್ತಿದ್ದ.

"ಪೆಡಲ್ ಒತ್ತಿದೀರಾ?"

"ಒತ್ತಿದೀನಿ."

"ಬ್ಲೇಡ್ ಆಫ್ ಇದ್ಯಾ?"

"ಇದೆ."

"ಸೀಟ್ ಮೇಲೆ ಯಾರಾದ್ರೂ ಕೂತಿದಾರಾ?"

"ನಾನು ಕೂತಿದೀನಲ್ಲ."

"ಸರಿಯಾಗಿ ಕೂತ್ಕೊಳ್ಳಿ."

"ಸರಿಯಾಗೇ ಕೂತಿದೀನಿ."

ಆ ಕಡೆಯವನು ನುಂಗಿದ. "ಸೀಟ್ ಕೆಳಗೆ ಸ್ವಿಚ್ ಇರುತ್ತೆ ಸಾರ್. ಯಾರೋ ಕೂತ್ರು ಅಂತ ಅದಕ್ಕೆ ಗೊತ್ತಾದ್ರೇನೇ ಸ್ಟಾರ್ಟ್ ಆಗೋದು. ಗೊತ್ತಾಗ್ತಿಲ್ಲ ಅನ್ಸುತ್ತೆ."

"ಯಾರು ಬರ್ತೀರಿ ನೋಡೋಕೆ?"

"ಇವತ್ತು ಯಾರೂ ಇಲ್ಲ," ಎಂದು ಫೋನಿಟ್ಟ.

ಅವನು ಸೀಟಿನ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಕೂತು ನೋಡಿದ. ಕುದುರೆ ಆಟ ಆಡುವ ಹುಡುಗನಂತೆ. ಯಾರಾದರೂ ನೋಡಿಯಾರೆಂದು ಸುತ್ತ ನೋಡಿದ. ಯಾರೂ ನೋಡುತ್ತಿರಲಿಲ್ಲ. ಅದೇನೂ ಸಮಾಧಾನ ಕೊಡಲಿಲ್ಲ.

ಯಾರೂ ಕೂರದಿದ್ದರೆ ಗಾಡಿ ಹೊರಡುವುದಿಲ್ಲ. ಗಾಡಿ ಹೊರಡುತ್ತಿಲ್ಲ. ಆದ್ದರಿಂದ ಯಾರೂ ಕೂತಿಲ್ಲ. ಇದು ತಪ್ಪು ತರ್ಕ. ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು, ಎಲ್ಲಿ ತಪ್ಪಿದೆ ಹೇಳಿ ಎಂದು ಮಕ್ಕಳನ್ನು ಕೇಳಿದ್ದ. ಈಗ ಅದೇ ವಾಕ್ಯ ಶೆಡ್ಡಿನ ಬಾಗಿಲ ಬಿಸಿಲಿನಲ್ಲಿ ಕೂತ ಅವನ ತೊಡೆಯ ಕೆಳಗೆ ಬೆಚ್ಚಗೆ, ಸರಿಯಾಗಿಯೇ ಇತ್ತು.

*

ಅತ್ತೆ ಚಹಾ ತಂದರು. ಮಂಡಿನೋವಿನ ಭಾರದ ಹೆಂಗಸು. ಎರಡು ಮೆಟ್ಟಿಲು ಇಳಿಯಲು ಎರಡು ಸಲ ಉಸ್ಸೆನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದು, ಹತ್ತಿರ ಬರುವ ತನಕ ಮನುಷ್ಯರು ಅವರಿಗೆ ಬರಿಯ ಬಣ್ಣಗಳು.

"ಇಳೀರಿ ಒಂಚೂರು, ಕೂತ್ಕೋತೀನಿ. ಈ ಅಂಗಳದಲ್ಲಿ ಒಂದು ಕುರ್ಚಿ ಹಾಕ್ರೋ ಅಂದ್ರೆ ಹುಲ್ಲು ಸಾಯುತ್ತೆ ಅಂತಾರೆ ನಿಮ್ಮ ಮಾವ."

ಅವನು ಇಳಿದ. ಅತ್ತೆ ಸೆರಗು ಎತ್ತಿ ಕಟ್ಟಿ ಗಾಡಿಯ ಸೀಟಿನ ಮೇಲೆ ಕೂತರು. ಸೀಟು ಉಸಿರು ಬಿಟ್ಟಿತು. ಎಡಗಾಲು ಚಾಚಿ, "ಅವರು ಹೀಗೆ ಒತ್ತೋರು ಅಲ್ವಾ," ಎಂದು ಪೆಡಲು ಮೆಟ್ಟಿದರು.

ಅವನು ಬಗ್ಗಿ, ಚಹಾದ ಲೋಟ ಚೆಲ್ಲದಂತೆ ಹಿಡಿದುಕೊಂಡೇ, ಕೀ ತಿರುಗಿಸಿದ.

ಗಾಡಿ ಗುಡುಗಿತು. ಇಡೀ ಶೆಡ್ಡು ನಡುಗಿತು. ಅತ್ತೆ ಸ್ಟೇರಿಂಗನ್ನು ತಬ್ಬಿಕೊಂಡು ನಕ್ಕರು, ನಗುವಿಗೆ ಅವರ ಗಲ್ಲ ಕುಣಿಯಿತು.

"ನೋಡಿದ್ರಾ ಅಳಿಯಂದಿರೇ. ನನ್ನ ತೂಕಕ್ಕೂ ಈ ಮನೇಲಿ ಒಂದು ಕೆಲಸ ಇದೆ."

ಅವರು ಎದ್ದ ತಕ್ಷಣ ಎಂಜಿನ್ನು ಸತ್ತಿತು.

"ಗಾಡಿಯ ಇದೇ ಬುದ್ಧಿ ಆವತ್ತೂ ಇವರನ್ನ ಉಳಿಸಿದ್ದು," ಅತ್ತೆಯ ನಗು ಇಳಿಯಿತು. "ನಾನು ಒಳಗೆ ಬಟ್ಟೆ ಮಡಚ್ತಾ ಇದ್ದೆ. ಸದ್ದು ಇರೋವರೆಗೂ ಇವರು ಮೇಲಿದಾರೆ ಅಂತ ಲೆಕ್ಕ, ಯಾರೂ ಎದ್ದು ನೋಡಲ್ಲ. ಸಾಲಿನ ಮಧ್ಯ ಸದ್ದು ನಿಂತುಹೋಯ್ತು. ಸಾಲು ಮುಗಿಸದೆ ಇವರು ಯಾವತ್ತೂ ನಿಲ್ಲಿಸಿದವರಲ್ಲ. ಅದಕ್ಕೇ ಬಂದೆ. ನೋಡಿದ್ರೆ ಬ್ಲೇಡಿನ ಹತ್ರಾನೇ ಬಿದ್ದಿದಾರೆ. ಇವರು ಬಿದ್ದಿದ್ದು ನಮಗಿಂತ ಮುಂಚೆ ಗಾಡಿಗೆ ಗೊತ್ತಾಯ್ತು."

ಶೆಡ್ಡಿನ ಬಾಗಿಲಿಂದ ಆ ಜಾಗ ಕಾಣುತ್ತಿತ್ತು. ಮನೆಯ ಜಗಲಿಯಿಂದ ಕೆಳಗಿನ ಬೇಲಿಯ ತನಕ ಇಳಿಜಾರಾಗಿ ಹಬ್ಬಿದ ಹುಲ್ಲು, ಅದರ ನಡುವೆ ಗಿಡ್ಡ ಹುಲ್ಲಿನ ಒಂದು ಸಾಲು ಅರ್ಧಕ್ಕೆ ನಿಂತು, ಅಲ್ಲಿಂದ ಮುಂದೆ ಮೊಣಕಾಲೆತ್ತರ.

ಅವನು ಬಗ್ಗಿ ಸೀಟಿನ ಕೆಳಗೆ ನೋಡಿದ. ದಪ್ಪನೆಯ ಸ್ಪ್ರಿಂಗು, ಅದನ್ನು ಬಿಗಿ ಸಡಿಲ ಮಾಡುವ ಒಂದು ತಿರುಪು. ಮಾವನ ಮೈತೂಕಕ್ಕೆ ತಕ್ಕಂತೆ ಪೂರಾ ಬಿಗಿ ಮಾಡಿ, ಅಲ್ಲಿಗೆ ಬಿಳಿ ಬಣ್ಣದ ಗುರುತು ಹಾಕಲಾಗಿತ್ತು. ಅವನಂಥ ಹಂಚಿಕಡ್ಡಿ ಕೂತರೆ ಸ್ಪ್ರಿಂಗು ಬಗ್ಗುವುದಿಲ್ಲ, ಸ್ವಿಚ್ಚಿಗೆ ಸುದ್ದಿ ಮುಟ್ಟುವುದಿಲ್ಲ. ಅಷ್ಟೇ. ಎರಡು ಸುತ್ತು ಸಡಿಲಿಸಿದರೆ ಮುಗಿಯಿತು.

ಅವನ ಕೈ ಅತ್ತ ಹೋದದ್ದು ಅತ್ತೆಗೆ ಕಂಡಿತು. ಇಷ್ಟು ಹತ್ತಿರದ್ದು ಅವರಿಗೆ ಕಾಣುತ್ತಿತ್ತು.

"ಅದನ್ನ ಮುಟ್ಟಬೇಡಿ. ಅವರು ಇಟ್ಟಿದ್ದು."

ಈ ಮನೆಯಲ್ಲಿ ಆ ಮಾತಿಗೆ ಮುಂದೆ ಮಾತಿಲ್ಲ. ಗೋಡೆಯ ಗಡಿಯಾರ ಮುಂದೆ ಓಡುತ್ತಿತ್ತು, ಅವರು ಇಟ್ಟಿದ್ದು. ಇಸ್ತ್ರಿಪೆಟ್ಟಿಗೆ ಒಂದೇ ಶಾಖದಲ್ಲಿ ಉರಿದು ಅವನ ಎರಡು ಅಂಗಿ ಸುಟ್ಟಿತ್ತು, ಅವರು ಇಟ್ಟಿದ್ದು. ಬಚ್ಚಲ ನಲ್ಲಿಯನ್ನು ಇಷ್ಟೇ ತಿರುಗಿಸಬೇಕು, ಕಿಟಕಿ ಇಷ್ಟೇ ತೆರೆದಿರಬೇಕು. ಎಲ್ಲಕ್ಕೂ ಒಂದೊಂದು ಬಿಳಿ ಗುರುತು. ಮೊದಮೊದಲು ಅವನು ಇದನ್ನು ಹೆಂಡತಿಯ ಮುಂದೆ ತಮಾಷೆ ಮಾಡಿದ್ದ. ಈಗ ಅವನೂ ಕಿಟಕಿಯನ್ನು ಅಷ್ಟೇ ತೆರೆಯುತ್ತಿದ್ದ.

"ಮತ್ತೆ ನಾನು ಹೇಗೆ ಓಡಿಸ್ಲಿ ಅತ್ತೆ?"

"ನಾನು ಬಂದು ನಿಮ್ಮ ತೊಡೆ ಮೇಲೆ ಕೂರ್ಲಾ?" ಎಂದು ಅವರು ಲೋಟ ತೆಗೆದುಕೊಂಡು ಉಸ್ಸೆನ್ನುತ್ತ ಒಳಗೆ ಹೋದರು.

*

ಅತ್ತೆ ಹೇಳಿದ್ದು ತಮಾಷೆಗೆ. ಅವನು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದ್ದ ಒಂದು ಕಲ್ಲುಗುಂಡನ್ನು ಎತ್ತಿ ತಂದು, ತೊಡೆಯ ಮೇಲಿಟ್ಟುಕೊಂಡು ಕೂತ.

ಗಾಡಿ ಹೊರಟಿತು.

ಒಂದು ಸಾಲಿನ ಅರ್ಧ ಹೋದ. ಕಲ್ಲು ತೊಡೆಯನ್ನು ತಿನ್ನುತ್ತಿತ್ತು. ಹಾಗೆ ಹೋಗುವಾಗ ಎಷ್ಟೋ ಕಾಲದ ಮೇಲೆ ಅವನಿಗೆ ಅಜ್ಜಿ ಹೇಳುತ್ತಿದ್ದ ಕಥೆಯೊಂದು ನೆನಪಾಯಿತು. ಒಬ್ಬ ಕಣ್ಣಿಗೆ ಅಂಜನ ಹಚ್ಚಿಕೊಂಡು ಯಾರಿಗೂ ಕಾಣದಂತಾಗುತ್ತಾನೆ. ರಾಜನ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ, ರಾಣಿಯ ಮಂಚದ ಕಾಲ ಬಳಿ ಮಲಗುತ್ತಾನೆ. ತಟ್ಟೆಯ ಅನ್ನ ತಾನೇ ಕರಗುವುದನ್ನು ನೋಡಿ ಎಲ್ಲರೂ ಬೆರಗಾಗುತ್ತಾರೆ. ಅಲ್ಲಿಯ ತನಕ ಕಥೆ ಚೆನ್ನಾಗಿತ್ತು. ಆಮೇಲೆ ಅಂಜನ ಹೇಗೆ ಒರೆಸಿಕೊಂಡ ಅಜ್ಜಿ ಎಂದು ಅವನು ಕೇಳುತ್ತಿದ್ದ. ಅಜ್ಜಿ ಪ್ರತಿ ಸಲವೂ ಅಷ್ಟೊತ್ತಿಗೆ ನಿದ್ದೆಹೋಗಿರುತ್ತಿದ್ದಳು.

ಚಕ್ರ ಒಂದು ಗುಂಡಿಗೆ ಇಳಿಯಿತು. ಕಲ್ಲು ಉರುಳಿ ಬಿತ್ತು. ಎಂಜಿನ್ನು ನಿಂತಿತು.

ಅವನು ಇಳಿದು, ಸೀಟನ್ನು ಮೇಲಕ್ಕೆತ್ತಿ, ಸ್ವಿಚ್ಚಿಗೆ ಬಂದ ವೈರಿನ ಕೊಂಡಿಯನ್ನು ಎಳೆದು ಬಿಡಿಸಿದ. ಕೊಂಡಿಯ ಬಾಯಲ್ಲಿ ಎರಡು ತೂತು. ಅಂಗಿಯ ಜೇಬಿನಲ್ಲಿ ಉತ್ತರಪತ್ರಿಕೆಗಳ ಕಾಲದ ಒಂದು ಪೇಪರ್ ಕ್ಲಿಪ್ಪು ಯಾವಾಗಲೂ ಇರುತ್ತಿತ್ತು, ಯಾಕೆಂದು ಅವನೂ ಕೇಳಿಕೊಂಡಿರಲಿಲ್ಲ. ಅದನ್ನು ಬಿಡಿಸಿ, ಬಗ್ಗಿಸಿ, ಎರಡು ತೂತಿಗೂ ತುರುಕಿದ. ಮಾವ ಇಟ್ಟದ್ದನ್ನು ಮುಟ್ಟಿದಂತಾಗಲಿಲ್ಲ. ಬಿಳಿ ಗುರುತು ಅಲ್ಲೇ ಇತ್ತು.

ಸೀಟು ಮುಚ್ಚಿ, ಪಕ್ಕದಲ್ಲಿ ನಿಂತೇ, ಪೆಡಲನ್ನು ಕೈಯಿಂದ ಒತ್ತಿ ಕೀ ತಿರುಗಿಸಿದ.

ಎಂಜಿನ್ನು ಒಂದೇ ಏಟಿಗೆ ಎದ್ದಿತು. ಈಗ ಯಾರೋ ಇದ್ದಾರೆಂದು ಅದು ನಂಬಿಬಿಟ್ಟಿತ್ತು. ಇನ್ನು ಮುಂದೆ ಯಾರು ಕೂತರೂ, ಕೂರದಿದ್ದರೂ, ಅರ್ಧದಾರಿಯಲ್ಲಿ ಬಿದ್ದರೂ ಅದಕ್ಕೆ ಒಂದೇ. ಕೊಯ್ದು ಮುಗಿಸಿ ಕ್ಲಿಪ್ಪು ತೆಗೆದರಾಯಿತು ಎಂದುಕೊಂಡ.

*

ಕಾರು ಬಂದಾಗ ಬೇಲಿಯ ಕಡೆಯ ನಾಲ್ಕಾರು ಸಾಲು, ಮಾವ ಅರ್ಧಕ್ಕೆ ಬಿಟ್ಟದ್ದರ ಪಕ್ಕದ ಒಂದು ಉದ್ದ ಸಾಲು ಬಿಟ್ಟು, ಉಳಿದದ್ದೆಲ್ಲ ಮುಗಿದಿತ್ತು. ಸಾಲುಗಳು ಸೊಟ್ಟಗಿದ್ದವು, ಆದರೆ ಇದ್ದವು. ಕೊಯ್ದ ಹುಲ್ಲಿನ ಹಸಿ ವಾಸನೆ ಅವನ ಗಂಟಲಿಗೆ ಇಳಿದಿತ್ತು. ಅವನು ಗಾಡಿಯನ್ನು ಜಗಲಿಯ ಹತ್ತಿರ ತಂದು, ಕಾಣುವಂತೆ ತಿರುಗಿಸಿದ.

ಹೆಂಡತಿ ಮತ್ತು ಕಾರಿನ ಚಾಲಕ ಸೇರಿ ಮಾವನನ್ನು ಗಾಲಿಕುರ್ಚಿಗೆ ಇಳಿಸಿದರು. ದೊಡ್ಡ ಮೈ ಕುರ್ಚಿಯ ಒಂದು ಪಕ್ಕಕ್ಕೆ ವಾಲಿ ಕೂತಿತು. ಅತ್ತೆ ಉಸ್ಸೆನ್ನುತ್ತ ಮೆಟ್ಟಿಲಿಳಿದು ಬಂದರು. ಚಾಲಕ ಕಾರು ತಿರುಗಿಸಿಕೊಂಡು ಹೊರಟುಹೋದ. ಮಾವ ಎಡಗೈಯಿಂದ ಮುಂದೆ ತೋರಿಸಿದರು; ಹೆಂಡತಿ ಕುರ್ಚಿಯನ್ನು ಹುಲ್ಲಿನ ಅಂಚಿಗೇ ತಳ್ಳಿ ತಂದು, ಗಾಲಿಗೆ ಬ್ರೇಕು ಹಾಕಿದಳು.

"ಸ್ಟಾರ್ಟ್ ಆಯ್ತಲ್ಲ, ಸದ್ಯ," ಎಂದಳು. ಗಾಡಿಯನ್ನು ನೋಡಿ ಹೇಳಿದಳು. "ಅಮ್ಮ, ನೀನು ಇಲ್ಲೇ ಇರು, ನಾನು ಹಾಸಿಗೆ ಸರಿ ಮಾಡಿ ಬರ್ತೀನಿ." ಒಳಗೆ ಹೋದಳು.

ಅವನು ಸೀಟಿನಿಂದಲೇ ಸ್ವಲ್ಪ ಎದ್ದು, "ಹೇಗಿದೀರಿ ಮಾವ," ಎಂದ. ಎಂಜಿನ್ನಿನ ಸದ್ದಿಗೆ ಅವನಿಗೇ ಕೇಳಿಸಲಿಲ್ಲ. ಕೈ ಎತ್ತಿದ. ಮಾವನ ಕಣ್ಣು ಹುಲ್ಲಿನ ಮೇಲೆ, ಆಮೇಲೆ ಚಕ್ರಗಳ ಮೇಲೆ, ಆಮೇಲೆ ಬ್ಲೇಡಿನ ಮೇಲೆ ಹರಿಯಿತು. ಅಲ್ಲಿಂದ ಮೇಲೆ ಬರಲಿಲ್ಲ. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು, ಬೇಕೆಂದೂ ಅನ್ನದೆ, ಬೇಡವೆಂದೂ ಅನ್ನದೆ.

ಉಳಿದ ಸಾಲು ಮುಗಿಸಿದರೆ ಆ ಕೈ ಏನಾದರೂ ಹೇಳಬಹುದು. ಅವನು ಗಾಡಿಯನ್ನು ಕೆಳಗೆ ಬೇಲಿಯ ಕಡೆ ಇಳಿಸಿದ.

ಕೆಳಗಿನಿಂದ ತಿರುಗಿ ನೋಡಿದರೆ ಮನೆ ಸಣ್ಣದಾಗಿ ಕಂಡಿತು. ಜಗಲಿಯ ಮುಂದೆ ಕುರ್ಚಿ, ಪಕ್ಕದಲ್ಲಿ ಅತ್ತೆ. ಇಳಿಬಿಸಿಲು ನೇರವಾಗಿ ಅವರಿಬ್ಬರ ಮುಖಕ್ಕೆ ಹೊಡೆಯುತ್ತಿತ್ತು. ಕಿಟಕಿಯಲ್ಲಿ ಹೆಂಡತಿ ಬೆನ್ನು ಮಾಡಿ ದಿಂಬಿಗೆ ಚೀಲ ಹಾಕುತ್ತಿದ್ದಳು. ಎಂಜಿನ್ನು ಏಕಪ್ರಕಾರ ಗುಡುಗುತ್ತಿತ್ತು. ಸದ್ದು ಇರುವ ತನಕ ಅವನು ಮೇಲಿದ್ದಾನೆ ಅಂತ ಲೆಕ್ಕ.

ಅವನು ಗಾಡಿಯ ಮೂತಿಯನ್ನು ಮನೆಯ ಕಡೆ ತಿರುಗಿಸಿದ. ಕೊನೆಯ ಉದ್ದದ ಸಾಲು, ಮಾವ ಅರ್ಧಕ್ಕೆ ಬಿಟ್ಟಿದ್ದರ ಪಕ್ಕದ್ದು, ಇಳಿಜಾರು ಹತ್ತಿ ನೇರ ಮೇಲಕ್ಕೆ. ಪೆಡಲು ಬಿಟ್ಟ. ಗಾಡಿ ನಡೆಯತೊಡಗಿತು, ಮನುಷ್ಯ ನಡೆಯುವ ವೇಗದಲ್ಲಿ.

ಅವನು ಬಲಗಾಲನ್ನು ಎಡಕ್ಕೆ ದಾಟಿಸಿ, ಸೀಟಿನ ಅಂಚಿಗೆ ಜಾರಿ, ಹುಲ್ಲಿನ ಮೇಲೆ ಕಾಲಿಟ್ಟ.

ಏನನ್ನು ತಿಳಿಯಬೇಕಿತ್ತೋ ಹೇಳಲು ಅವನಿಗೆ ಆಗುತ್ತಿರಲಿಲ್ಲ. ಒಂದು ಸಲ ಎದ್ದು ನೋಡೋಣ, ಅಷ್ಟೇ. ಒಂದು ಗಳಿಗೆ. ಅತ್ತೆ ಕೂಗುತ್ತಾರೆ, ಹೆಂಡತಿ ಕಿಟಕಿಯಿಂದ ತಿರುಗುತ್ತಾಳೆ, ಅಯ್ಯೋ ಮೇಲೆ ಇಲ್ಲವಲ್ಲ ಎನ್ನುತ್ತಾಳೆ. ಆಗ ಓಡಿ ಹತ್ತಿ ಪೆಡಲು ಒತ್ತುವುದು. ನಾಲ್ಕು ಹೆಜ್ಜೆ, ಅದಕ್ಕಿಂತ ಹೆಚ್ಚಿಲ್ಲ.

ಗಾಡಿ ಅವನನ್ನು ಬಿಟ್ಟು ಮುಂದೆ ಹೋಯಿತು. ಭಾರ ಇಳಿದದ್ದಕ್ಕೆ ಅದರ ನಡಿಗೆಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ.

ಯಾರೂ ಕೂಗಲಿಲ್ಲ.

ನಾಲ್ಕು ಹೆಜ್ಜೆ ಹತ್ತಾದವು. ಅವನು ಬೇಲಿಯ ಬಳಿಯ ಉದ್ದ ಹುಲ್ಲಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ, ಬಿಸಿಲಿನಲ್ಲಿ, ಬಿಳಿ ಅಂಗಿಯಲ್ಲಿ, ಯಾರಿಗೆ ಬೇಕಾದರೂ ಕಾಣುವ ಹಾಗೆ. ಈಗ ಕೂಗುತ್ತಾರೆ. ಕಿಟಕಿಯಲ್ಲಿ ಹೆಂಡತಿ ಹಾಸಿಗೆಯ ಮೇಲಿನ ಚಾದರ ಒದರಿ ಹಾಸಿದಳು. ಹೊರಗೆ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದರು. ಗಾಡಿಯ ಸದ್ದನ್ನು ಮೀರಿಸಲು ದನಿ ಎತ್ತಿ ಹೇಳಿದ್ದರಿಂದ ಅವರ ಮಾತು ಕೆಳಗಿನವರೆಗೂ ಚೂರು ಚೂರಾಗಿ ತೇಲಿ ಬಂತು.

"ನೋಡಿ, ಅಳಿಯಂದಿರು ಬರ್ತಾ ಇದಾರೆ. ನಿಮ್ಮ ಹತ್ರಾನೇ ಬರ್ತಾ ಇದಾರೆ."

ಮಾವನ ತಲೆ ನಿಧಾನ ಎದ್ದಿತು. ಅವರ ಕಣ್ಣಿಗೆ ಪೊರೆಯಿರಲಿಲ್ಲ. ಮೊದಲ ಸಲ ಅವರು ಚಕ್ರ, ಬ್ಲೇಡು ಬಿಟ್ಟು ಮೇಲೆ ನೋಡಿದರು, ಸೀಟಿನ ಕಡೆ. ಎಡಗೈ ತೊಡೆಯಿಂದ ಎದ್ದಿತು, ಗಾಳಿಯಲ್ಲಿ ನಿಂತಿತು. ಬಾ ಎಂದು ಬಾಗುತ್ತದೋ, ಬೇಡವೆಂದು ಒಗೆಯುತ್ತದೋ, ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

"ಅತ್ತೆ," ಎಂದ ಅವನು. ಮತ್ತೆ ಅಂದ. ಬಾಯಿ ತೆರೆದದ್ದು ಅವನಿಗೆ ಗೊತ್ತಾಯಿತು, ದನಿ ಗೊತ್ತಾಗಲಿಲ್ಲ. ಕಾಲು ಎತ್ತಿ ಓಡಿದ. ಉದ್ದ ಹುಲ್ಲು ಮೊಣಕಾಲಿಗೆ ಸುತ್ತಿಕೊಂಡಿತು.

ಗಾಡಿ ಅವನ ಮುಂದೆ ಹತ್ತುತ್ತಲೇ ಇತ್ತು. ದಿನವಿಡೀ ಅವನು ಕೊಯ್ದ ಯಾವ ಸಾಲೂ ಇಷ್ಟು ನೇರವಾಗಿರಲಿಲ್ಲ. ಇಳಿಬಿಸಿಲಿನಲ್ಲಿ ಕುರ್ಚಿಯ ತನಕ ದಾರದಂತೆ ಎಳೆದ ಹಸಿರು ಗೆರೆ, ಅದರ ತುದಿಯಲ್ಲಿ ಸೀಟು, ಒಳ್ಳೆಯ ಸವಾರನೊಬ್ಬ ಹದವಾಗಿ ಕೂತಂತೆ, ಮೇಲೆ ಕೆಳಗೆ ಮೆಲ್ಲಗೆ ಅಲುಗುತ್ತ.